ಕಚ್ಚಲು ಬರುವ ಗಿಳಿ

ಪ್ರಶ್ನೆ: ಪಕ್ಷಿ ಪುನರ್ವಸತಿ ಕೇಂದ್ರದಿಂದ ದತ್ತು ತಂದ ಗಿಳಿ ವಾರವಾದರೂ ಪಂಜರದ ಮೂಲೆ ಬಿಟ್ಟು ಬರುತ್ತಿಲ್ಲ, ಕೈ ಚಾಚಿದರೆ ಕಚ್ಚಲು ಬರುತ್ತದೆ. ಏನು ಮಾಡಲಿ?

ಉತ್ತರ: ಕಚ್ಚಲು ಬರುವುದು ಬಹುಮಟ್ಟಿಗೆ ಭಯದಿಂದ. ಹಿಂದೆ ಮನುಷ್ಯರ ಕೈಯಿಂದಲೇ ನೊಂದಿರಬಹುದಾದ ಹಕ್ಕಿಗೆ ಒಂದು ವಾರ ತೀರ ಕಡಿಮೆ ಅವಧಿಯಾದ್ದರಿಂದ, ದಯವಿಟ್ಟು ಪಂಜರದೊಳಗೆ ಕೈ ಹಾಕಿ ಅದನ್ನು ಹಿಡಿಯಲು ಹೋಗಬೇಡಿ. ಪಂಜರದ ಒಂದು ಬದಿ ಗೋಡೆಗೆ ತಾಗುವಂತಿರಲಿ. ತುಸು ದೂರದಲ್ಲಿ ಕುಳಿತು ಮೆಲುದನಿಯಲ್ಲಿ ಮಾತನಾಡುತ್ತ, ಅದು ತಾನಾಗಿ ಹತ್ತಿರ ಬಂದಾಗ ಮಾತ್ರ ಇಷ್ಟದ ತಿನಿಸನ್ನು ಸರಳುಗಳ ನಡುವಿನಿಂದ ನೀಡಿ. ರಾತ್ರಿ 10ರಿಂದ 12 ಗಂಟೆಗಳ ಕತ್ತಲೆ ಮತ್ತು ನಿಶ್ಶಬ್ದ ಅದಕ್ಕೆ ಅಗತ್ಯ. ಗಿಳಿಗಳು ಕಾಯಿಲೆಯನ್ನು ತೋರಗೊಡುವುದಿಲ್ಲವಾದ್ದರಿಂದ ಪಕ್ಷಿಗಳನ್ನು ಬಲ್ಲ ಪಶುವೈದ್ಯರ ತಪಾಸಣೆಯನ್ನು ಮುಂದೂಡಬೇಡಿ. ಬೆಣ್ಣೆಹಣ್ಣು, ಚಾಕೊಲೇಟ್ ಅದಕ್ಕೆ ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆಯಂತೂ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು.