ಡಿಗ್ರಿ ಕೈಗೆ ಬಂತು, ಡ್ಯೂಟಿಗೆ ತಯಾರಿ ಹೇಗೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ನರ್ಸಿಂಗ್, ಲ್ಯಾಬ್ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರುವ ನಮ್ಮ ಭಾಗದ ಮಕ್ಕಳೂ ಹೆಚ್ಚಿದ್ದಾರೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೂ ರೋಗಿಯ ಪಕ್ಕ ನಿಂತಾಗ ಎಲ್ಲಿ ತಡವರಿಸುತ್ತಾರೆ ಎಂಬುದೇ ಈ ಸಲದ ಪತ್ರಗಳ ವಿಷಯ.

*ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ. ಮುಂದಿನ ತಿಂಗಳು ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುಗೆ ಸೇರಬೇಕು. ನಮ್ಮ ಬ್ಯಾಚಿಗೆ ವಾರ್ಡ್ ಪೋಸ್ಟಿಂಗ್ ಸಾಲಲಿಲ್ಲ. ಇರುವ ಒಂದು ತಿಂಗಳಲ್ಲಿ ಏನು ಓದಲಿ?*
– ಓದುಗರೊಬ್ಬರು, ಸಿಂಧನೂರು

ಉತ್ತರ: ಹಳೆಯ ಪಠ್ಯಪುಸ್ತಕವನ್ನು ಮೊದಲಿನಿಂದ ಓದಲು ಹೋಗಬೇಡಿ. ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿದೆಯೇ ನೋಡಿಕೊಳ್ಳಿ. ಪದವಿ ಬಂದ ಮಾತ್ರಕ್ಕೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಆಮೇಲೆ ಹೆಪಟೈಟಿಸ್ ಬಿ ಲಸಿಕೆ. ಇದು 0, 1 ಮತ್ತು 6ನೇ ತಿಂಗಳಲ್ಲಿ, ಒಟ್ಟು ಮೂರು ಡೋಸ್. ಕಾಲೇಜಿನಲ್ಲಿ ಎರಡು ಹಾಕಿಸಿ ಮೂರನೆಯದನ್ನು ಮರೆತವರು ಬಹಳ. ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದ ಡೋಸ್ ಹಾಕಿಸಿದರೆ ಸಾಕು. ಮೂರನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ಪರೀಕ್ಷಿಸಿಕೊಳ್ಳಿ. 10ಕ್ಕಿಂತ ಕಡಿಮೆ ಬಂದರೆ ಲಸಿಕೆ ಹಿಡಿದಿಲ್ಲ ಎಂದರ್ಥ.

ಉಳಿದ ದಿನಗಳನ್ನು ಲೆಕ್ಕಕ್ಕೆ ಕೊಡಿ. ಹೊಸಬರ ಕೈಯಲ್ಲಿ ಆಗುವ ದೊಡ್ಡ ಅನಾಹುತಗಳು ರೋಗದ ಬಗ್ಗೆ ತಿಳಿಯದೆ ಆಗುವುದು ಕಡಿಮೆ, ಅಂಕಿ ತಪ್ಪಿ ಆಗುವುದೇ ಹೆಚ್ಚು. ಸಲೈನ್ ತೆಗೆದುಕೊಳ್ಳಿ. 500 ಎಂಎಲ್ ಬಾಟಲಿ 4 ತಾಸಿನಲ್ಲಿ ಹೋಗಬೇಕು, ಐವಿ ಸೆಟ್ 20 ಹನಿಗೆ 1 ಎಂಎಲ್ ಬೀಳಿಸುವಂಥದ್ದು. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಟ್‌ನ ಕವರ್ ಮೇಲೆ 15 ಎಂದಿದ್ದರೆ ಅದೇ ಲೆಕ್ಕ 31 ಹನಿಗೆ ಇಳಿಯುತ್ತದೆ. ಹಾಗಾಗಿ ಕವರ್ ಬಿಸಾಡುವ ಮೊದಲು ಓದಿ. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ 60 ಹನಿಯದ್ದು. ಅದರಲ್ಲಿ ತಾಸಿಗೆ ಎಷ್ಟು ಎಂಎಲ್ ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ.

ಇನ್ಸುಲಿನ್ ಇನ್ನೂ ಸೂಕ್ಷ್ಮ. ನಮ್ಮಲ್ಲಿ 1 ಎಂಎಲ್‌ಗೆ 40 ಯೂನಿಟ್ ಇರುವ ವಯಲ್ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ರಾತ್ರಿ ಡ್ಯೂಟಿಯಲ್ಲಿ ಕೈಗೆ ಸಿಕ್ಕ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದು 10ರ ಗೆರೆಗೆ ನಿಲ್ಲಿಸಿದರೆ ರೋಗಿಗೆ ಹೋಗುವುದು 10 ಯೂನಿಟ್ ಅಲ್ಲ, 25. ಬೆಳಗಿನ ಜಾವ ಸಕ್ಕರೆ ಕುಸಿದು ರೋಗಿ ಬೆವರಿ ಪ್ರಜ್ಞೆ ತಪ್ಪಿದಾಗ, ಕೇಸ್ ಶೀಟ್‌ನಲ್ಲಿ ‘10 ಯೂನಿಟ್’ ಎಂದೇ ಇರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ವಯಲ್‌ನ ಅಂಕಿ ಮತ್ತು ಸಿರಿಂಜಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿ, ಪಕ್ಕದ ಸಿಸ್ಟರ್‌ಗೆ ತೋರಿಸಿ, ಆಮೇಲೆ ಚುಚ್ಚಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನಲ್ಲೂ ಇಂಥದೇ ಬಲೆ ಇದೆ. 5 ಎಂಎಲ್ ವಯಲ್ ಒಂದರಲ್ಲಿ 5,000 ಯೂನಿಟ್, ಇನ್ನೊಂದರಲ್ಲಿ 25,000. ಗಾತ್ರ ಒಂದೇ, ಔಷಧ ಐದು ಪಟ್ಟು. ಪೊಟ್ಯಾಸಿಯಂ ಕ್ಲೋರೈಡ್‌ನ 10 ಎಂಎಲ್ ಆಂಪುಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಅದನ್ನು ಎಂದೂ ನೇರವಾಗಿ ರಕ್ತನಾಳಕ್ಕೆ ತಳ್ಳಬಾರದು, ಹೃದಯ ನಿಂತೇಹೋಗುತ್ತದೆ. ಸಲೈನ್‌ಗೆ ಬೆರೆಸುವಾಗ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಬೆರೆಸಿ, ನಾಲ್ಕೈದು ಸಲ ತಲೆಕೆಳಗು ಮಾಡಿ ಮತ್ತೆ ನೇತುಹಾಕಿ. ನೇತಾಡುವ ಬಾಟಲಿಗೇ ಸೇರಿಸಿದರೆ ಅದು ತಳಕ್ಕಿಳಿದು ಮೊದಲ ಹನಿಗಳಲ್ಲೇ ಗಟ್ಟಿಯಾಗಿ ಹೋಗುತ್ತದೆ. ಹೀಗೆ ನೀವು ಸೇರುವ ಐಸಿಯುನಲ್ಲಿ ಬಳಕೆಯಲ್ಲಿರುವ ಹತ್ತು ಹದಿನೈದು ಔಷಧಗಳ ಆಂಪುಲ್ ಗಾತ್ರ, ಅದರಲ್ಲಿನ ಪ್ರಮಾಣ, ಎಷ್ಟರಲ್ಲಿ ಬೆರೆಸಬೇಕು, ಎಷ್ಟು ನಿಧಾನ ಕೊಡಬೇಕು ಎಂಬುದನ್ನು ಜೇಬಿನ ಪುಸ್ತಕದಲ್ಲಿ ನಿಮ್ಮ ಕೈಯಾರೆ ಬರೆದುಕೊಳ್ಳಿ. ಬೇರೆಯವರು ಬರೆದದ್ದರ ಫೋಟೊ ತೆಗೆದುಕೊಂಡರೆ ತಲೆಗೆ ಹತ್ತುವುದಿಲ್ಲ.

*ಪ್ರಶ್ನೆ: ಗದ್ದೆ ಸೀಮೆಯ ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಹಾವು ಕಡಿದವರನ್ನು ರಾತ್ರಿ ಹೊತ್ತು ತರುತ್ತಾರೆ. ಡಾಕ್ಟರ್ ಬರುವುದರೊಳಗೆ ನಾನು ಏನೇನು ಮಾಡಿಟ್ಟಿರಬೇಕು?*
– ಓದುಗರೊಬ್ಬರು, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಜಾಗದಲ್ಲಿ ಇರುವವರು ಕೇಳಲೇಬೇಕಾದ ಪ್ರಶ್ನೆ ಇದು. ಕಾಲೇಜಿನಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗುವ ವಿಷಯ, ಭತ್ತದ ಸೀಮೆಯಲ್ಲಿ ಪ್ರಾಣದ ಪ್ರಶ್ನೆ.

ಮೊದಲು ಉಸಿರು, ನಾಡಿ, ಬಿಪಿ ನೋಡಿ. ಮನೆಯವರು ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿರುತ್ತಾರೆ. ಅದನ್ನು ನೋಡಿದೊಡನೆ ಕತ್ತರಿಸಬೇಡಿ. ಒಮ್ಮೆಲೇ ಬಿಚ್ಚಿದರೆ ಕೆಳಗೆ ನಿಂತ ವಿಷ ಒಟ್ಟಿಗೆ ಮೇಲಕ್ಕೇರುತ್ತದೆ. ಡಾಕ್ಟರ್ ಎದುರಿಗೆ, ಸಲೈನ್ ಹಚ್ಚಿ, ಔಷಧ ಸಿದ್ಧವಿಟ್ಟುಕೊಂಡು ಬಿಚ್ಚಬೇಕು. ಕಡಿತಕ್ಕೊಳಗಾದ ಕಾಲನ್ನು ಅಲುಗಾಡದಂತೆ ಇಡಿ. ಗಾಯ ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ.

ಆಮೇಲೆ ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಗಾಜಿನ ಟ್ಯೂಬು ಮತ್ತು ಗಡಿಯಾರ ಸಾಕು. ಹೊಸ, ಸ್ವಚ್ಛ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಸ್ಟ್ಯಾಂಡಿನಲ್ಲಿಟ್ಟು 20 ನಿಮಿಷ ಮುಟ್ಟದೆ ಬಿಡಿ. ನಂತರ ಒಮ್ಮೆ ಮೆಲ್ಲಗೆ ವಾಲಿಸಿ. ರಕ್ತ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ತಿಳಿಯಬೇಕು. ಈ ಪರೀಕ್ಷೆ ಕೆಡುವುದು ಟ್ಯೂಬಿನಿಂದ. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಿನಲ್ಲಾಗಲಿ ಪ್ಲಾಸ್ಟಿಕ್ ಟ್ಯೂಬಿನಲ್ಲಾಗಲಿ ಆರೋಗ್ಯವಂತರ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹಾಗಾದರೆ ವಿಷವಿಲ್ಲದವರಿಗೂ ಪ್ರತಿವಿಷ ಹೋಗುತ್ತದೆ. ಹತ್ತಾರು ಗಾಜಿನ ಟ್ಯೂಬುಗಳನ್ನು ಇದಕ್ಕೆಂದೇ ಬೇರೆ ಡಬ್ಬಿಯಲ್ಲಿಡಿ. ಅನುಮಾನವಿದ್ದರೆ ಜೊತೆಗೆ ಬಂದವರೊಬ್ಬರ ರಕ್ತವನ್ನೂ ಪಕ್ಕದ ಟ್ಯೂಬಿನಲ್ಲಿ ಇಟ್ಟು ಹೋಲಿಸಿ. ಒಂದು ಸಲ ಹೆಪ್ಪುಗಟ್ಟಿತೆಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ, ಡಾಕ್ಟರ್ ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಮಾಡಬೇಕು.

ಕಟ್ಟುಹಾವು ಬೇರೆ ಥರ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲಿ ಕಡಿಯುತ್ತದೆ, ಗುರುತೂ ಕಾಣದೆ ಇರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಬರುತ್ತಾರೆ. ಗ್ಯಾಸ್ ಇಂಜೆಕ್ಷನ್ ಕೊಟ್ಟು ಕೂರಿಸಿಬಿಟ್ಟರೆ ಸ್ವಲ್ಪ ಹೊತ್ತಿಗೆ ರೆಪ್ಪೆ ಜೋಲುತ್ತದೆ, ನುಂಗಲು ಆಗುವುದಿಲ್ಲ, ಉಸಿರು ಸೋಲುತ್ತದೆ. ಇವರಲ್ಲಿ ರಕ್ತದ ಪರೀಕ್ಷೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮೇಲೆ ನೋಡಿಸಿ ರೆಪ್ಪೆ ಜೋಲುತ್ತದೆಯೇ ಎಂದು ಪರೀಕ್ಷಿಸಿ, ಒಂದೇ ಉಸಿರಿನಲ್ಲಿ ಎಲ್ಲಿಯವರೆಗೆ ಎಣಿಸುತ್ತಾರೆ ನೋಡಿ, ಮಲಗಿದಲ್ಲೇ ತಲೆ ಎತ್ತಲು ಆಗುತ್ತದೆಯೇ ಪರೀಕ್ಷಿಸಿ. ಮೊದಲು 20ರವರೆಗೆ ಎಣಿಸಿದವರು ಅರ್ಧ ತಾಸಿನ ನಂತರ 12ಕ್ಕೆ ನಿಂತರೆ, ಆ ಎರಡೂ ಅಂಕಿ ಸಮಯದೊಂದಿಗೆ ಕೇಸ್ ಶೀಟ್‌ನಲ್ಲಿರಬೇಕು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮಂಚದ ತಲೆದೆಸೆಗೇ ಇರಲಿ.

ಪ್ರತಿವಿಷ ಡಾಕ್ಟರ್ ಆದೇಶದ ಮೇಲೆಯೇ. ಸಾಮಾನ್ಯವಾಗಿ ಮೊದಲಿಗೆ 10 ವಯಲ್. ಪುಡಿಯ ಒಂದೊಂದು ವಯಲ್‌ಗೆ 10 ಎಂಎಲ್ ಸ್ಟೆರೈಲ್ ನೀರು ಹಾಕಿ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಕುಲುಕಬೇಡಿ, ನೊರೆ ಬಂದರೆ ಔಷಧ ಹಾಳು. ಮಕ್ಕಳಿಗೂ ದೊಡ್ಡವರಿಗೂ ಡೋಸ್ ಒಂದೇ. ಹಾವು ಮೈ ನೋಡಿ ವಿಷ ಬಿಡುವುದಿಲ್ಲವಲ್ಲ. ಕೊಡುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಳ್ಳಿ. ತುರಿಕೆ, ಚಳಿ, ಬಿಪಿ ಇಳಿಯುವುದು ಕಂಡರೆ ಪ್ರತಿವಿಷ ನಿಲ್ಲಿಸಿ ಡಾಕ್ಟರ್‌ಗೆ ಕೂಗಿ. ಅಡ್ರಿನಲಿನ್ ಪ್ರಮಾಣ ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ರೋಗಿಯನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರೂ ನಿಮ್ಮ ರಿಜಿಸ್ಟರ್‌ನಲ್ಲಿ ದಾಖಲಿರಲಿ.

*ಪ್ರಶ್ನೆ: ರಾತ್ರಿ ಡ್ಯೂಟಿಯಲ್ಲಿ ಡಾಕ್ಟರ್‌ಗೆ ಫೋನ್ ಮಾಡಿದರೆ ‘ಸರಿಯಾಗಿ ಹೇಳಮ್ಮ, ಏನಾಗಿದೆ’ ಎಂದು ಸಿಟ್ಟಾಗುತ್ತಾರೆ. ಭಯಕ್ಕೆ ಮಾತೇ ಹೊರಡೋದಿಲ್ಲ.*
– ಓದುಗರೊಬ್ಬರು, ರಾಯಚೂರು

ಉತ್ತರ: ‘ಸರ್, ಆರನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ, ಬನ್ನಿ’ ಎಂದರೆ ನಿದ್ದೆಯಿಂದ ಎದ್ದವರಿಗೆ ಏನೂ ತಿಳಿಯುವುದಿಲ್ಲ. ಫೋನ್ ಎತ್ತುವ ಮೊದಲು ಬಿಪಿ, ನಾಡಿ, ಉಸಿರು, ಆಕ್ಸಿಜನ್, ಜ್ವರ, ಮೂತ್ರ ಎಲ್ಲವನ್ನೂ ಈಗ ಅಳೆದು ಬರೆದುಕೊಳ್ಳಿ. ಸಂಜೆಯ ಅಂಕಿ ನಡೆಯದು. ಕೇಸ್ ಶೀಟ್ ಕೈಯಲ್ಲಿರಲಿ. ಆಮೇಲೆ ಹೀಗೆ ಹೇಳಿ:

‘ಸರ್, ಮೆಡಿಸಿನ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡ್ತಾ ಇದೀನಿ. ಆರನೇ ಬೆಡ್, 54 ವರ್ಷ, ಗಂಡಸು. ಬಿಪಿ 90/60ಕ್ಕೆ ಇಳಿದಿದೆ, ಸಂಜೆ 120/80 ಇತ್ತು. ನ್ಯುಮೋನಿಯ ಅಂತ ನಿನ್ನೆ ಅಡ್ಮಿಟ್ ಆದವರು, ಶುಗರ್ ಇದೆ. ಈಗ ನಾಡಿ 124, ಉಸಿರು 28, ಗಾಳಿಯಲ್ಲಿ ಆಕ್ಸಿಜನ್ 89. ನಾಲ್ಕು ತಾಸಿನಲ್ಲಿ ಮೂತ್ರ 60 ಎಂಎಲ್ ಮಾತ್ರ. ಸೆಪ್ಸಿಸ್ ಇರಬಹುದು ಅಂತ ನನಗೆ ಅನ್ನಿಸ್ತಿದೆ. ಆಕ್ಸಿಜನ್ ಹಚ್ಚಿದೀನಿ. ನೀವು ಈಗಲೇ ಬಂದು ನೋಡ್ಬೇಕು. ಅಲ್ಲಿವರೆಗೆ ಸಲೈನ್ ಶುರು ಮಾಡ್ಲಾ?’

ಅರ್ಧ ನಿಮಿಷದ ಮಾತು. ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೇನು ಕಂಡಿದೆ, ಅವರಿಂದ ಏನು ಬೇಕು, ನಾಲ್ಕೂ ಬಂದವು. ಹೊಸಬರು ಬಿಟ್ಟುಬಿಡುವುದು ಕೊನೆಯದನ್ನು. ‘ನೀವು ಬರಬೇಕು’ ಎಂದು ಬಾಯಿಬಿಟ್ಟು ಕೇಳುವುದು ಅಗೌರವವಲ್ಲ. 60 ಕಿಲೋ ತೂಕದವರಿಗೆ ತಾಸಿಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು, ಇಲ್ಲಿ ಅರ್ಧವೇ ಬಂದಿದೆ. ಇಂಥ ಅಂಕಿ ಕೇಳಿದರೆ ಸಿಟ್ಟಾದವರೂ ಎದ್ದು ಬರುತ್ತಾರೆ. ಫೋನಿನಲ್ಲಿ ಹೇಳಿದ ಔಷಧ, ಡೋಸ್ ಎರಡನ್ನೂ ತಿರುಗಿ ಅವರಿಗೇ ಓದಿ ಹೇಳಿ, ಸಮಯ ಹಾಕಿ ಬರೆಯಿರಿ, ಬಂದ ಕೂಡಲೇ ಸಹಿ ಮಾಡಿಸಿ. ಅವರು ಬರದಿದ್ದರೆ ಅದನ್ನೂ ಸಮಯದೊಂದಿಗೆ ಬರೆದು ಅವರ ಮೇಲಿನವರಿಗೆ ಫೋನ್ ಮಾಡಿ. ರೋಗಿ ನಿಮ್ಮ ಎದುರಿಗಿದ್ದಾರೆ, ಸಂಕೋಚ ಪಡುವ ಹೊತ್ತಲ್ಲ ಅದು.

*ಪ್ರಶ್ನೆ: ಸೂಜಿ ಚುಚ್ಚಿಕೊಂಡರೆ ಯಾರಿಗೂ ಹೇಳಬೇಡ, ಸ್ಪಿರಿಟ್ ಹಚ್ಚಿಕೊ ಎಂದು ಜೊತೆಯವರು ಹೇಳುತ್ತಾರೆ. ಸರಿಯೇ?*
– ಓದುಗರೊಬ್ಬರು, ಕೊಪ್ಪಳ

ಉತ್ತರ: ಎರಡೂ ತಪ್ಪು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗಿಡಬೇಡಿ, ಸ್ಪಿರಿಟ್ ಬೇಡ. ಕೂಡಲೇ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಆ ರೋಗಿಯ ಎಚ್ಐವಿ, ಹೆಪಟೈಟಿಸ್ ಬಿ, ಸಿ ವರದಿ ನೋಡಬೇಕು, ನಿಮ್ಮದೂ ರಕ್ತ ಪರೀಕ್ಷೆ ಆಗಬೇಕು. ಎಚ್ಐವಿ ತಡೆಯುವ ಮಾತ್ರೆ ಬೇಕೆಂದಾದರೆ ಎರಡು ತಾಸಿನೊಳಗೆ ಶುರುವಾದರೆ ಉತ್ತಮ, 72 ತಾಸು ದಾಟಿದರೆ ಪ್ರಯೋಜನವಿಲ್ಲ. 28 ದಿನ ಬಿಡದೆ ನುಂಗಬೇಕು. ಎಚ್ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ಅಪಾಯ ಇದಕ್ಕಿಂತ ಹತ್ತಾರು ಪಟ್ಟು. ಮುಚ್ಚಿಟ್ಟರೆ ಕೈಯಲ್ಲಿದ್ದ 72 ತಾಸು ಸುಮ್ಮನೆ ಕಳೆದುಹೋಗುತ್ತದೆ.

ಬಹುತೇಕ ಚುಚ್ಚುವುದು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ, ಇಲ್ಲವೇ ತುಂಬಿ ತುಳುಕುವ ಬಿಳಿ ಡಬ್ಬಿಗೆ ಸೂಜಿ ತುರುಕುವಾಗ. ಮುಚ್ಚಳ ಹಾಕಲೇಬೇಡಿ. ಮುಕ್ಕಾಲು ತುಂಬಿದ ಡಬ್ಬಿ ಬದಲಿಸಲು ಹೇಳಿ. ಸೂಜಿ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜು ಮತ್ತು ಐವಿ ಸೆಟ್ ಕೆಂಪಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ವಯಲ್ ನೀಲಿಗೆ. ಹಳದಿ ಚೀಲದೊಳಗೆ ಒಂದು ಸೂಜಿ ಬಿದ್ದರೆ ಚುಚ್ಚುವುದು ಅದನ್ನು ಹೊರುವ ಹೌಸ್‌ಕೀಪಿಂಗ್ ಅಕ್ಕನಿಗೆ.

*ಪ್ರಶ್ನೆ: ಲ್ಯಾಬ್ ಟೆಕ್ನಾಲಜಿ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಪೊಟ್ಯಾಸಿಯಂ ವರದಿ ಆಗಾಗ ತಪ್ಪು ಬರುತ್ತಿದೆ, ಮಷೀನ್ ಸರಿ ಇದೆ ಎನ್ನುತ್ತಾರೆ.*
– ಓದುಗರೊಬ್ಬರು, ಬಳ್ಳಾರಿ

ಉತ್ತರ: ರಕ್ತ ತೆಗೆಯುವ ಕಡೆ ನೋಡಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಪೊಟ್ಯಾಸಿಯಂ ಲವಣವಾಗಿಯೇ ಇರುತ್ತದೆ. ಮೊದಲು ಅದಕ್ಕೆ ತುಂಬಿ ಆಮೇಲೆ ಕೆಂಪು ಟ್ಯೂಬಿಗೆ ತುಂಬಿದರೆ, ಅಥವಾ ಸಾಲದ ರಕ್ತವನ್ನು ನೇರಳೆಯಿಂದ ಸುರಿದುಕೊಂಡರೆ, ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿದು ಕಾಣುತ್ತದೆ. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಕಾರಣ ಬಹುಮಟ್ಟಿಗೆ ಇದೇ. ನೀಲಿ, ಕೆಂಪು, ಹಸಿರು, ನೇರಳೆ, ಬೂದು ಈ ಕ್ರಮ ತಪ್ಪಿಸಬೇಡಿ. ಸಲೈನ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬೇಡಿ. ರಕ್ತ ತೆಗೆಯಲು ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು, ರೋಗಿಗೆ ಮುಷ್ಟಿ ಮತ್ತೆ ಮತ್ತೆ ಬಿಗಿಹಿಡಿಯಲು ಹೇಳುವುದೂ ಬೇಡ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೂ, ಟ್ಯೂಬಿಗೆ ಒತ್ತಿ ತಳ್ಳಿದರೂ ರಕ್ತಕಣ ಒಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಹಳ್ಳಿಯ ಕೇಂದ್ರದಿಂದ ಬೈಕಿನ ಡಿಕ್ಕಿಯಲ್ಲಿ ಬಂದ ಸ್ಯಾಂಪಲ್ ಕೂಡ ಹಾಗೆಯೇ ಒಡೆದಿರುತ್ತದೆ. ಸೀರಂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ವರದಿ ಕೊಡದೆ ಮತ್ತೊಮ್ಮೆ ರಕ್ತ ಕೇಳಿ. ಟ್ಯೂಬಿನ ಮೇಲೆ ಹೆಸರು ಬರೆಯುವುದು ರೋಗಿಯ ಮಂಚದ ಪಕ್ಕದಲ್ಲೇ, ರಕ್ತ ತೆಗೆದ ಕೂಡಲೇ.

*ಪ್ರಶ್ನೆ: ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಜರ್ಮನಿಗೆ ಕಳಿಸುತ್ತೇವೆ ಎಂದು ಏಜೆಂಟ್ ಒಬ್ಬರು ಮೂರು ಲಕ್ಷ ಕೇಳುತ್ತಿದ್ದಾರೆ. ಸರ್ಕಾರಿ ನೌಕರಿಗೆ ಕಾಯಲೋ, ಕೊಡಲೋ?*
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಹಣ ಕೊಡಬೇಡಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ ಪಡೆಯಬಹುದಾದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಅವರ ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಜರ್ಮನಿಯಲ್ಲಿ ಪೂರ್ಣ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತ ದಾಟಿರಬೇಕು. ಭಾಷೆ ಕಲಿಯದೆ ಕಳಿಸುತ್ತೇವೆ ಎನ್ನುವವರ ಮಾತು ನಂಬಬೇಡಿ.

ಅಷ್ಟರೊಳಗೆ ಸಂವಿಧಾನದ 371(ಜೆ) ವಿಧಿಯಡಿಯ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ ಮಾಡಿಸಿಡಿ. ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ಮೀರುತ್ತದೆ. ಶಾಲಾ ದಾಖಲೆ, ಆಧಾರ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲದರಲ್ಲೂ ಮಗಳ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಥರ ಇದೆಯೇ ಎಂದು ಈಗಲೇ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಎಸಿ ಕಚೇರಿಗೆ ಹೋಗಿ.