ಬೆಲ್‌ಫಾಸ್ಟ್ ಕೋರ್ಸಿನ ಉದ್ದೇಶಪತ್ರ ವಾಪಸ್ ಬಂದಿದೆ ಅಂದವರಿಗೆ

ನಂಬಿಕೆ, ನ್ಯಾಯ ಎರಡನ್ನೂ ಓದಬೇಕು ಅಂತ ಉತ್ತರ ಐರ್ಲೆಂಡ್‌ನ ರಾಜಧಾನಿ ಬೆಲ್‌ಫಾಸ್ಟ್‌ನ ಕೋರ್ಸಿಗೆ ಬರೆದ ಉದ್ದೇಶಪತ್ರ ‘ವಿಷಯ ಸ್ಪಷ್ಟವಿಲ್ಲ’ ಅಂತ ವಾಪಸ್ ಬಂತು ಅಂದಿರಿ. ಕಾರಣ ಬಹುಶಃ ಮೊದಲ ಪ್ಯಾರಾದಲ್ಲೇ ಇದೆ. ಕ್ಯಾಥಲಿಕರು, ಪ್ರೊಟೆಸ್ಟೆಂಟರು ಧರ್ಮಕ್ಕಾಗಿ ಹೊಡೆದಾಡಿದರು ಅಂತ ಬರೆದಿದ್ದೀರಿ. ಇಂಥ ಪತ್ರ ತಿದ್ದುವಾಗ ಈ ಮಾತು ಜಾಸ್ತಿ ಕಾಣುತ್ತದೆ. ಆದರೆ ಉತ್ತರ ಐರ್ಲೆಂಡ್‌ನಲ್ಲಿ ಮುಖ್ಯ ಜಗಳ ಬ್ರಿಟನ್ ಜೊತೆ ಇರಬೇಕಾ, ಐರ್ಲೆಂಡ್ ಸೇರಬೇಕಾ ಅನ್ನುವುದು. ಓದಿದವರಿಗೆ ಬೇರೇನಾದರೂ ಹಿಡಿಸಲಿಲ್ಲವೋ ಗೊತ್ತಿಲ್ಲ, ಆದರೆ ಮೊದಲು ಇದನ್ನು ಸರಿಮಾಡಿ.

ಆಮೇಲೆ ಒಂದೇ ಪ್ರಶ್ನೆ ಹಿಡಿಯಿರಿ. ಅಲ್ಲಿನ ದಶಕಗಳ ಹಿಂಸೆ ನಿಲ್ಲಿಸಲು ಆದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದಿಂದ ಸಶಸ್ತ್ರ ಗುಂಪುಗಳ ಎಷ್ಟೋ ಕೈದಿಗಳು ಶಿಕ್ಷೆ ಮುಗಿಯುವ ಮುಂಚೆಯೇ ಹೊರಬಂದರು. ಅಪ್ಪನನ್ನು ಕೊಂದವನು ಪಕ್ಕದ ಬೀದಿಯಲ್ಲೇ ಓಡಾಡುತ್ತಿರುವಾಗ, ಕ್ಷಮಿಸು ಅಂತ ಚರ್ಚು ಹೇಳಿದರೆ ಆ ಮಗಳಿಗೆ ನ್ಯಾಯ ಎಲ್ಲಿ ಸಿಗಬೇಕು? ನಿಮಗೆ ನಂಬಿಕೆ, ನ್ಯಾಯ ಎರಡೂ ಬೇಕು ಅಂದಿರಲ್ವಾ, ಎರಡೂ ಇಲ್ಲೇ ಎದುರುಬದುರಾಗುತ್ತವೆ. ನೊಂದವರ ಮೇಲೆ ಕ್ಷಮೆಯನ್ನು ಹೇರುವುದು ಇನ್ನೊಂದು ಗಾಯ ಅಂತಲೇ ನನ್ನ ಅಭಿಪ್ರಾಯ.

ಒಂದೆರಡು ನಿಜ ಉದಾಹರಣೆ ಸೇರಿಸಿ: ಎರಡೂ ಕಡೆಯವರನ್ನು ಒಂದುಗೂಡಿಸಲು 1965ರಲ್ಲಿ ರೇ ಡೇವಿ ಕಟ್ಟಿದ ಕಾರಿಮೀಲಾ ಸಮುದಾಯ, ಬೆಲ್‌ಫಾಸ್ಟ್‌ನ ಕ್ಲೋನಾರ್ಡ್ ಮಠದಲ್ಲಿದ್ದು ಗುಟ್ಟಾಗಿ ಶಾಂತಿ ಮಾತುಕತೆಗೆ ದಾರಿ ಮಾಡಿದ ಕ್ಯಾಥಲಿಕ್ ಪಾದ್ರಿ ಅಲೆಕ್ ರೀಡ್. ಸುಮ್ನೆ ಹೆಸರು ಹಾಕಬೇಡಿ, ನಿಮ್ಮ ಪ್ರಶ್ನೆಗೆ ಜೋಡಿಸಿ.

ಕೊನೆಗೆ, ಆ ಕೋರ್ಸಿನ ವಿಭಾಗದಲ್ಲಿ ಈ ವಿಷಯ ಕಲಿಸುವ ಅಧ್ಯಾಪಕರಿಗೆ ನಾಲ್ಕು ಸಾಲಿನ ಮೇಲ್ ಹಾಕಿ. ಅವರ ಉತ್ತರ ನೋಡಿಕೊಂಡು ಪತ್ರ ಮತ್ತೆ ಕಳಿಸಿ.