ಗೈಡ್‌ಲೈನ್ ನೋಡಿ ಬೇಜಾರಾದ ತಂಗಿಗೆ

ಕಾಸರಗೋಡಿನ ಬದಿಯಡ್ಕದಿಂದ ಬಂದು ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರ ಟ್ರೈನಿಂಗಿಗೆ ಸೇರಿ ಮೂರು ವಾರ ಆಯಿತು, ಇಲ್ಲಿ ಬದುಕು ಹೇಗೆ ಅಕ್ಕ, ಗೈಡ್‌ಲೈನ್ ಅಂತ ಕಂಪ್ಯೂಟರ್ ಹೇಳಿದ ಹಾಗೆ ಮಾತ್ರೆ ಬರೆಯುವುದಾದರೆ ನಾನು ಇಷ್ಟು ಓದಿದ್ದು ಯಾಕೆ ಅಂತ ಕೇಳಿದ್ದೀಯ ಅಲ್ವಾ. ಚಳಿ, ಮಳೆ, ಬಾಡಿಗೆ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳುತ್ತಾರೆ. ಎರಡನೆಯದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಕೆಲಸವೇ ಅದು. ಎಂಟು ವರ್ಷದಿಂದ ಯಾರ್ಕ್‌ಶೈರಿನ ಒಂದು ಜಿಪಿ ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಊರು ಪೆರ್ಲ.

ಮೊದಲು ನನ್ನ ಅಪ್ಪನ ವಿಷಯ. ಮಂಗಳೂರಿನಲ್ಲಿ ಅವರಿಗೆ ಸ್ಟೆಂಟ್ ಹಾಕಿದ್ದರು. ಎರಡು ವರ್ಷ ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟರಾಲ್ ನಾರ್ಮಲ್ ಬಂತು, ಹಾಗಾದರೆ ಕೊಲೆಸ್ಟರಾಲಿನ ಮಾತ್ರೆ ಬೇಡ ಅಂತ ಊರಿನ ಡಾಕ್ಟರು ನಿಲ್ಲಿಸಿದರು. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ! ರಜೆಯಲ್ಲಿ ಹೋದಾಗ ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ತೊಟ್ಟೆ ಸುರಿದು ನೋಡಿದೆ. ಆಸ್ಪಿರಿನ್ ಇದೆ, ಬಿಪಿ ಮಾತ್ರೆ ಇದೆ, ಕೊಲೆಸ್ಟರಾಲಿನ ಅಟೋರ್ವಾಸ್ಟಾಟಿನ್ ಇಲ್ಲ. ಆ ಡಾಕ್ಟರು ತುಂಬಾ ಒಳ್ಳೆಯವರು, ಮಧ್ಯರಾತ್ರಿ ಕರೆದರೂ ಮನೆಗೆ ಬರುವವರು. ಆದರೆ ದಿನವಿಡೀ ಬಾಗಿಲ ತನಕ ಜನ ನಿಂತಿರುವಾಗ, ‘ಇದೊಂದು ಬಿಟ್ಟುಹೋಗಿದೆ’ ಅಂತ ಹೇಳಲು ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

ಇಲ್ಲಿಯೂ ಬಿಟ್ಟುಹೋಗುತ್ತದೆ, ತಿಳಿದಿರು. ಚಿಕಿತ್ಸೆಯ ಗೈಡ್‌ಲೈನ್ ಬರೆಯುವ ನೈಸ್ ಸಂಸ್ಥೆ ಶುರುವಾದದ್ದು 1999ರಲ್ಲಿ. ಕ್ವಾಫ್ ಅಂತ, ಗುರಿ ಮುಟ್ಟಿದ ಕ್ಲಿನಿಕ್ಕಿಗೆ ದುಡ್ಡು ಕೊಡುವ ಪದ್ಧತಿ 2004ರಲ್ಲಿ ಬಂತು. ಆದರೂ ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಮಂಡಿನೋವು, ರಜೆಯ ಚೀಟಿ, ಮಗಳ ಚಿಂತೆ ಎಲ್ಲ ಮುಗಿಯುವಾಗ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಬಂದರೆ ಯಾರಾದರೂ ಅದನ್ನು ಒತ್ತಿ ಮುಚ್ಚಿಬಿಡುತ್ತಾರೆ. ನೀನೂ ಮುಚ್ಚಿರುತ್ತೀಯ. ಡಾಕ್ಟರುಗಳಿಗೆ ಪಾಠ ಮಾಡಿದರೂ ಅಷ್ಟೆ, ವಾರ ಕಳೆಯುವಾಗ ಮರೆತುಹೋಗುತ್ತದೆ.

ಕೆಲಸಕ್ಕೆ ಬರುವುದು ಅವರವರ ರೋಗಿಗಳ ಹೆಸರಿನ ಪಟ್ಟಿ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯ ತಾಳ ತಪ್ಪಿ ಬಡಿಯುವ ತೊಂದರೆ ಇದ್ದು, ಪಾರ್ಶ್ವವಾಯು ಬಾರದ ಹಾಗೆ ರಕ್ತ ತೆಳು ಮಾಡುವ ಮಾತ್ರೆ ಬೇಕಾಗಿದ್ದೂ ಬರೀ ಆಸ್ಪಿರಿನ್ ತೆಗೆದುಕೊಳ್ಳುವವರ ಪಟ್ಟಿಯನ್ನು ಒಂದು ಮಂಗಳವಾರ ಮಧ್ಯಾಹ್ನ ಮೇಜಿನ ಮೇಲಿಟ್ಟೆ. ಹನ್ನೊಂದು ಹೆಸರು. ಹಿರಿಯ ಡಾಕ್ಟರೊಬ್ಬರ ಮುಖ ಗಂಟಾಯಿತು. ನಾನು ತಪ್ಪು ಅನ್ನಲಿಲ್ಲ, ಇವರಿಗೆ ಯಾಕೆ ಅಂತ ಒಬ್ಬೊಬ್ಬರದ್ದೇ ಕೇಳಿದೆ. ಇಬ್ಬರು ತಾವಾಗಿಯೇ ಬೇಡ ಅಂದಿದ್ದರು. ಒಬ್ಬರಿಗೆ ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿತ್ತು. ಒಬ್ಬ ಅಜ್ಜಿಗೆ ಎರಡು ಸಲ ಬಿದ್ದಿದ್ದಾರೆ ಅಂತ ಕೊಟ್ಟಿರಲಿಲ್ಲ, ಆದರೆ ಬೀಳುವ ಭಯ ಒಂದೇ ಕಾರಣಕ್ಕೆ ತಡೆಯಬಾರದು ಅಂತ ನೈಸ್ ಸ್ಪಷ್ಟವಾಗಿ ಹೇಳುತ್ತದೆ. ಉಳಿದ ಏಳು ಜನರಿಗೆ ಕಾರಣವೇ ಇರಲಿಲ್ಲ, ಸುಮ್ನೆ ಹಳೆಯ ಚೀಟಿ ಮುಂದುವರಿದಿತ್ತು. ಅವರ ಕಿಡ್ನಿ ಪರೀಕ್ಷೆ ನಾನೇ ಬರೆಸಿದೆ, ಫೋನೂ ಮಾಡಿದೆ. ಮರುತಿಂಗಳು ಆ ಹಿರಿಯರೇ ಬಂದು ಮುಂದಿನ ಪಟ್ಟಿ ಯಾವಾಗ ಅಂತ ಕೇಳಿದರು.

ಹಾಗಾಗಿ ನಿನ್ನ ಓದು ದಂಡವಾಗಲಿಲ್ಲ ತಂಗಿ. ಬೇಡ ಅಂದ ಆ ಇಬ್ಬರ ಮಾತು ಕೇಳಿಸಿಕೊಂಡು ಕಾರಣ ಬರೆದಿಡುವುದೂ ಗೈಡ್‌ಲೈನ್ ಪಾಲಿಸಿದ ಹಾಗೆಯೇ. ಊರಿನಲ್ಲಿ ತುಳುವಿನಲ್ಲಿ ನೋವು ಕೇಳಿ, ಮಲಯಾಳದಲ್ಲಿ ಬರೆದದ್ದು ಓದಿ, ಕನ್ನಡದಲ್ಲಿ ಧೈರ್ಯ ಹೇಳಿದವಳು ನೀನು. ಆ ಕೆಲಸ ಯಾವ ಕಂಪ್ಯೂಟರಿನಿಂದಲೂ ಆಗುವುದಿಲ್ಲ.

ಒಂದೆರಡು ಲೆಕ್ಕ ಬೇಗ ಅಭ್ಯಾಸ ಮಾಡಿಕೋ. ಇಲ್ಲಿ ಕೊಲೆಸ್ಟರಾಲಿನ ಅಳತೆಯೇ ಬೇರೆ. ಹೃದಯಾಘಾತ ಆದವರಿಗೆ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟರಾಲ್ 2.0 ಅಥವಾ ಅದಕ್ಕಿಂತ ಕಡಿಮೆ ಇರಬೇಕು ಅಂದರೆ ನಮ್ಮೂರ ರಿಪೋರ್ಟಿನಲ್ಲಿ ಸುಮಾರು 77. ಕ್ಲಿನಿಕ್ಕಿನಲ್ಲಿ ಬಿಪಿ 140/90 ಬಂತು ಅಂತ ಅವತ್ತೇ ಮಾತ್ರೆ ಬರೆಯಬೇಡ, ತೀರಾ ಜಾಸ್ತಿ ಇಲ್ಲದಿದ್ದರೆ 24 ಗಂಟೆಯ ಯಂತ್ರ ಕಟ್ಟಿಸಿ ಹಗಲಿನ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದೆಯಾ ನೋಡು. ಹೃದಯದ ತೊಂದರೆ ಬರುವ ಸಾಧ್ಯತೆ ಅಳೆಯುವ ಕ್ಯುರಿಸ್ಕ್ ಲೆಕ್ಕ ಹಾಕುವಾಗ ಜನಾಂಗದ ಜಾಗ ಖಾಲಿ ಬಿಡಬೇಡ. ನಮ್ಮ ಕಡೆಯವರಿಗೆ ಹೃದಯದ ತೊಂದರೆ ಜಾಸ್ತಿ, ಅದು ಲೆಕ್ಕಕ್ಕೆ ಸೇರಲೇಬೇಕು.

ನಿನ್ನ ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್ ಯಾರು ಅಂತ ನಾಳೆಯೇ ವಿಚಾರಿಸು. ಅವರ ಹತ್ತಿರ ಅರ್ಧ ಗಂಟೆ ಕೂತು ನಿನ್ನ ರೋಗಿಗಳ ಪಟ್ಟಿ ತೆಗೆಸು. ಕೇಳಲು ನಾಚಿಕೆ ಬೇಡ, ಇಲ್ಲಿ ಕೇಳಿದವರನ್ನು ಯಾರೂ ಸಣ್ಣ ಮಾಡುವುದಿಲ್ಲ.

ಮತ್ತೆ ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ. ಮಲಯಾಳಿ ಅಂಗಡಿಯಲ್ಲಿ ಮಟ್ಟ ಅಂತ ಕೇಳು, ಸಿಗುತ್ತದೆ. ಲೀಡ್ಸ್ ಕಡೆ ಬಂದರೆ ಗಂಜಿಗೆ ನಮ್ಮ ಮನೆಗೇ ಬಾ, ಅಮ್ಮ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿ ಇನ್ನೂ ಇದೆ.